ಮಾಂಡೋವಿಯ ಮೇಲೊಂದು ಸಂಜೆ

ಪ್ರವಾಸದ ಎರಡನೆಯ ದಿನದ ಸಂಜೆಯವರೆಗೂ ನಮ್ಮ ಬಸ್ಸಿನೊಳಗೆ ಎರಡು ಊರುಗಳಿದ್ದವು ಎಂದರೆ ತಪ್ಪಾಗಲಾರದು. ಮುಂಭಾಗದ ಆಸನಗಳಲ್ಲಿ ಕರಾವಳಿ ಮೂಲದ ಕೊಂಕಣಿ ಮಾತನಾಡುವ ಕುಟುಂಬಗಳು. ಹಿಂಭಾಗದಲ್ಲಿ ಹುಬ್ಬಳ್ಳಿ ಹಾಗೂ ಸುತ್ತಲಿನ ಹಳ್ಳಿಗಳ ಕನ್ನಡ ಮನೆಮಾತಿನ ಕುಟುಂಬಗಳು. ಹೀಗೆ ಕುಳಿತುಕೊಳ್ಳಬೇಕೆಂದು ಯಾರೂ ವಿಧಿಸಿರಲಿಲ್ಲ. ಹುಬ್ಬಳ್ಳಿಯಿಂದ ಹೊರಟ ದಿನ ನಸುಕಿನಲ್ಲಿ ತಮ್ಮ ತಮ್ಮ ಪರಿಚಿತರನ್ನು ಅರಸಿ ಕುಳಿತವರು ಮತ್ತೆ ಸ್ಥಾನ ಬದಲಿಸಲಿಲ್ಲ, ಅಷ್ಟೇ. ಭಾನುವಾರದಂದು ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ಜನ ನಾವು; ಆದರೆ ಪೂಜೆ ಮುಗಿದೊಡನೆ ಅಂಗಳದಲ್ಲಿ ಎರಡು ಗುಂಪುಗಳಾಗಿ ನಿಂತು ಮಾತನಾಡುವುದು ನಮಗೆ ರೂಢಿಯಾಗಿಬಿಟ್ಟಿದೆ. ಆ ರೂಢಿಯೇ ಬಸ್ಸನ್ನೂ ಏರಿತ್ತು.

2024ರ ಡಿಸೆಂಬರ್ ತಿಂಗಳ ಎರಡನೆಯ ವಾರವದು. ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಅವಶೇಷಗಳ ದರ್ಶನೋತ್ಸವ ನಡೆಯುತ್ತಿತ್ತು. ಹತ್ತು ವರ್ಷಗಳಿಗೊಮ್ಮೆ ಬರುವ ಈ ಉತ್ಸವವು ಆ ವರ್ಷದ ನವೆಂಬರ್ 21ರಂದು ಆರಂಭವಾಗಿ 2025ರ ಜನವರಿ 5ರಂದು ಮುಕ್ತಾಯವಾಯಿತು. ಕನ್ನಡಿಗರೂ ಕೊಂಕಣಿಗರೂ ಸೇರಿ ನಾವು ನಲವತ್ತನಾಲ್ಕು ಮಂದಿ ಮೂರು ದಿನಗಳ ಯಾತ್ರೆಗೆಂದು ಹೊರಟಿದ್ದೆವು. ಎಪ್ಪತ್ತೆಂಟು ವಯಸ್ಸಿನ ಅಜ್ಜಿಯಿಂದ ಹಿಡಿದು ನಾಲ್ಕು ವರ್ಷದ ಮಗುವಿನವರೆಗೆ ಎಲ್ಲ ವಯೋಮಾನದವರೂ ಇದ್ದರು.

ಅಂದು ಬೆಳಗಿನಿಂದ ನಾವು ಸಾಲಿನಲ್ಲಿ ನಿಂತು, ಮಧ್ಯಾಹ್ನದ ಹೊತ್ತಿಗೆ ಸೆ ಪ್ರಧಾನ ದೇವಾಲಯದೊಳಗೆ ಸಂತರ ಪೆಟ್ಟಿಗೆಯ ಮುಂದೆ ಕ್ಷಣಕಾಲ ತಲೆಬಾಗಿ ಬಂದಿದ್ದೆವು. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ಪುಟ್ಟದೊಂದು ದ್ವೀಪದಲ್ಲಿ ಕಣ್ಣುಮುಚ್ಚಿದ ಆ ಮಹಾನುಭಾವರ ದೇಹವನ್ನು 1554ರಲ್ಲಿ ಹಡಗಿನಲ್ಲಿ ಗೋವಾಕ್ಕೆ ತಂದಾಗ, ಆ ಹಡಗು ಬಂದದ್ದು ಇದೇ ನದಿಯ ದಾರಿಯಲ್ಲಿ. ಹಳೆ ಗೋವಾದ ವೈಸರಾಯ್ ಕಮಾನಿನ ಬಳಿ ನಿಂತು ನದಿಯ ಕಡೆಗೆ ನೋಡಿದಾಗ ಈ ಮಾತು ನಮ್ಮ ನೆನಪಿಗೆ ಬಂತು. ಆ ಕಾಲದಲ್ಲಿ ಗೋವಾಕ್ಕೆ ಬರುವ ಪ್ರತಿಯೊಬ್ಬ ದೊರೆಯೂ, ಸಂತನೂ, ವ್ಯಾಪಾರಿಯೂ, ಗುಲಾಮನೂ ನೀರಿನ ಮೇಲೆಯೇ ಬರಬೇಕಾಗಿತ್ತು.

ಸಂಜೆ ಪಣಜಿಯಲ್ಲಿ ಒಂದು ಗಂಟೆಯ ನದೀವಿಹಾರವೆಂದು ಕಾರ್ಯಕ್ರಮ ಪಟ್ಟಿಯಲ್ಲಿತ್ತು. ಇದರ ಬಗ್ಗೆ ನಮ್ಮಲ್ಲೇ ಸಣ್ಣ ಚರ್ಚೆ ನಡೆಯಿತು. ಯಾತ್ರೆಗೆ ಬಂದವರಿಗೆ ಹಾಡು ಕುಣಿತಗಳ ದೋಣಿಯೇಕೆ ಎಂದು ಕೆಲವು ಹಿರಿಯರು ಆಕ್ಷೇಪಿಸಿದರು. ಮಕ್ಕಳು ಮುಖ ಸಣ್ಣದು ಮಾಡಿಕೊಂಡರು. ಪ್ರವಾಸದ ಹೊಣೆ ಹೊತ್ತಿದ್ದ ನಿವೃತ್ತ ಶಿಕ್ಷಕರು, "ನಮ್ಮ ಪ್ರಭು ಬೋಧನೆ ಮಾಡಿದ್ದೂ ದೋಣಿಯಲ್ಲಿ ಕುಳಿತೇ ಅಲ್ಲವೇ? ಏರೋಣ ಬನ್ನಿ" ಎಂದು ನಗುತ್ತ ನುಡಿದಾಗ ಚರ್ಚೆ ಅಲ್ಲಿಗೇ ಮುಗಿಯಿತು.

ಹಳೆ ಗೋವಾದಿಂದ ಪಣಜಿಗೆ ಸುಮಾರು ಹತ್ತು ಕಿಲೋಮೀಟರ್. ನಮ್ಮ ಬಸ್ಸು ರಿಬಂದರಿನ ಮಾರ್ಗವಾಗಿ ಬಂತು. ಇಲ್ಲಿ ನದಿಯ ಅಂಚಿನಲ್ಲಿ ಜೌಗುನೆಲದ ಮೇಲೆ ಮೂರು ಕಿಲೋಮೀಟರಿಗೂ ಉದ್ದವಾದ ಕಲ್ಲಿನ ಸೇತುಬಂಧವೊಂದಿದೆ. 1630ರ ದಶಕದಲ್ಲಿ ಲಿನ್ಯಾರಿಸಿನ ಕೌಂಟ್ ಎಂಬ ಬಿರುದಿನ ವೈಸರಾಯ್ ಕಟ್ಟಿಸಿದ ಈ ದಾರಿಯ ಮೇಲೆ ಇಂದಿಗೂ ವಾಹನಗಳು ಓಡುತ್ತಿವೆ. ಬಲಗಡೆಯಲ್ಲಿ ನದಿ, ಆಚೆ ದಡದಲ್ಲಿ ಶೊರಾಂವ್ ದ್ವೀಪದ ಕಾಂಡ್ಲಾ ಕಾಡಿನ ಹಸಿರು ಗೋಡೆ. ಆ ದ್ವೀಪದ ಪಶ್ಚಿಮ ತುದಿಯಲ್ಲಿಯೇ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿನ ಪಕ್ಷಿಧಾಮವಿದೆ. ದಿನದ ಬೇಟೆ ಮುಗಿಸಿದ ಬೆಳ್ಳಕ್ಕಿಗಳು ಸಾಲುಸಾಲಾಗಿ ಅತ್ತ ಹಾರುತ್ತಿದ್ದವು.

ದೋಣಿ ಹೊರಟಿತು

ಪಣಜಿಯ ಸಾಂತಾ ಮೋನಿಕಾ ಜೆಟ್ಟಿ ಇರುವುದು ಮಾಂಡೋವಿಯ ಸೇತುವೆಗಳ ಪಕ್ಕದಲ್ಲಿಯೇ. ಈ ಸೇತುವೆಗಳಿಗೂ ಒಂದು ಕಥೆಯಿದೆ. 1970ರಲ್ಲಿ ಸಂಚಾರಕ್ಕೆ ತೆರೆದ ಮೊದಲ ಸೇತುವೆ 1986ರ ಜುಲೈ ತಿಂಗಳಲ್ಲಿ ಕುಸಿದು ನದಿಗೆ ಬಿತ್ತು. ಹೊಸ ಸೇತುವೆ ಸಿದ್ಧವಾಗುವವರೆಗೆ ಗೋವಾದ ಜನ ಮತ್ತೆ ತಮ್ಮ ಅಜ್ಜಂದಿರಂತೆ ದೋಣಿಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಈಗ ಅಲ್ಲಿ ಮೂರು ಸೇತುವೆಗಳಿವೆ. ತಂತಿಗಳ ಆಧಾರದಲ್ಲಿ ನಿಂತಿರುವ ಎತ್ತರದ ಮೂರನೆಯ ಸೇತುವೆಯು 2019ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಆರು ಗಂಟೆಯ ಸುಮಾರಿಗೆ ದೋಣಿ ಜೆಟ್ಟಿಯನ್ನು ಬಿಟ್ಟಿತು. ದೋಣಿಯೆಂದರೆ ಸಣ್ಣದಲ್ಲ, ಎರಡು ಅಂತಸ್ತಿನದು. ಮೇಲಂತಸ್ತಿನಲ್ಲಿ ಪುಟ್ಟ ವೇದಿಕೆ, ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ನಾವಲ್ಲದೆ ಬೇರೆ ಬೇರೆ ರಾಜ್ಯಗಳಿಂದ ಬಂದ ನೂರಾರು ಪ್ರವಾಸಿಗರಿದ್ದರು. ನೂಕುನುಗ್ಗಲಿನಲ್ಲಿ ಕುರ್ಚಿ ಸಿಕ್ಕಿದಲ್ಲಿ ಕುಳಿತೆವು. ಹೀಗಾಗಿ ಬಸ್ಸಿನ ಏರ್ಪಾಡು ಇಲ್ಲಿ ತಾನೇ ತಾನಾಗಿ ಮುರಿಯಿತು. ಬೆಳ್ತಂಗಡಿಯ ಕಡೆಯವರಾದ, ಹುಬ್ಬಳ್ಳಿಯಲ್ಲಿ ನೆಲೆಸಿರುವ ಮಗನ ಮನೆಗೆ ಬಂದಿದ್ದ ನಮ್ಮ ಎಪ್ಪತ್ತೆಂಟರ ಅಜ್ಜಿಗೆ ಜಾಗ ದೊರೆತದ್ದು ನವಲಗುಂದ ತಾಲೂಕಿನ ಹಳ್ಳಿಯೊಂದರ ರೈತ ದಂಪತಿಗಳ ಪಕ್ಕದಲ್ಲಿ.

ಸೇತುವೆಗಳನ್ನು ಬೆನ್ನಿಗೆ ಹಾಕಿ ದೋಣಿ ಪಶ್ಚಿಮಕ್ಕೆ, ಸಮುದ್ರದತ್ತ ಸಾಗಿತು. ಎಡದಂಡೆಯಲ್ಲಿ ಪಣಜಿ ನಗರ. ಇಳಿಜಾರು ಮಾಡಿನ ಹಳೆಯ ಸಚಿವಾಲಯ ಕಟ್ಟಡ ಮೊದಲು ಕಾಣಿಸಿತು. ಬಿಜಾಪುರದ ಆದಿಲ್ ಶಾಹಿ ಅರಸರ ಅರಮನೆಯಿದು. 1510ರಲ್ಲಿ ಅಲ್ಬುಕರ್ಕ್ ಗೋವಾವನ್ನು ಗೆಲ್ಲುವವರೆಗೆ ಈ ನದಿಯ ಒಡೆಯರು ನಮ್ಮ ಬಿಜಾಪುರದವರೇ ಆಗಿದ್ದರೆಂಬುದನ್ನು ನಾವು ಮರೆತೇಬಿಟ್ಟಿರುತ್ತೇವೆ. ಸಾಂಕ್ರಾಮಿಕ ರೋಗಗಳಿಗೆ ಬೆದರಿ ಹಳೆ ಗೋವಾ ಬರಿದಾಗುತ್ತ ಬಂದಾಗ, 1759ರಲ್ಲಿ ಪೋರ್ಚುಗೀಸ್ ವೈಸರಾಯ್ ಇದೇ ಅರಮನೆಗೆ ತನ್ನ ವಾಸವನ್ನು ಬದಲಿಸಿದನು. 1843ರಲ್ಲಿ ಪಣಜಿ ಅಧಿಕೃತವಾಗಿ ರಾಜಧಾನಿಯಾಯಿತು.

ಅರಮನೆಯ ಪಕ್ಕದಲ್ಲಿ, ಬಿದ್ದಿರುವ ಹೆಂಗಸೊಬ್ಬಳ ಮೇಲೆ ಕೈಚಾಚಿ ನಿಂತ ಪಾದ್ರಿಯೊಬ್ಬರ ಕಂಚಿನ ಪ್ರತಿಮೆಯಿದೆ. ಕಾಂದೊಳಿಯಲ್ಲಿ 1756ರಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಸಂಮೋಹನ ವಿದ್ಯೆಯ ಪ್ರಯೋಗಗಳಿಂದ ಹೆಸರಾದ ಅಬೆ ಫಾರಿಯಾ ಅವರದು. ಇವೆಲ್ಲದರ ಹಿಂದೆ ದಿಬ್ಬದ ಮೇಲೆ ಅಮಲೋದ್ಭವ ಮಾತೆಯ ಬಿಳಿಯ ದೇವಾಲಯವಿದೆ. ಪೋರ್ಚುಗಲ್ಲಿನಿಂದ ತಿಂಗಳುಗಟ್ಟಲೆ ಸಮುದ್ರಯಾನ ಮಾಡಿ ಬಂದ ನಾವಿಕರು ಮೊದಲು ಹತ್ತಿ ಹೋಗಿ ಕೃತಜ್ಞತೆ ಸಲ್ಲಿಸುತ್ತಿದ್ದದ್ದು ಅಲ್ಲಿಯೇ ಎಂದು ಹೇಳುತ್ತಾರೆ.

ನದಿಯ ನಡುವೆ ಲಂಗರು ಹಾಕಿದ ಜೂಜಿನ ಹಡಗುಗಳು ಆಗಲೇ ಬಣ್ಣದ ದೀಪಗಳನ್ನು ಹೊತ್ತಿಸಿಕೊಂಡು ನಿಂತಿದ್ದವು. ಮಕ್ಕಳು ಅವನ್ನೇ ಬೆರಗಿನಿಂದ ನೋಡುತ್ತಿದ್ದರು. ತಾಯಂದಿರು ಬಲದಂಡೆಯ ಕಡೆಗೆ ಅವರ ಮುಖ ತಿರುಗಿಸುತ್ತಿದ್ದರು. ಬಲದಂಡೆಯಲ್ಲಿ ರೇಯಿಶ್ ಮಾಗುಶ್ ಕೋಟೆ, ಅದರ ಬುಡದಲ್ಲಿ ಪೂರ್ವದೇಶದ ಮೂವರು ಅರಸರಿಗೆ ಅರ್ಪಿತವಾದ ದೇವಾಲಯ. ಇನ್ನೂ ಮುಂದೆ, ನದಿ ಸಮುದ್ರವನ್ನು ಸೇರುವಲ್ಲಿ ಅಗ್ವಾದ ಕೋಟೆಯ ಭೂಶಿರ. 1612ರಲ್ಲಿ ಪೂರ್ಣಗೊಂಡ ಈ ಕೋಟೆಯ ಹೆಸರಿನಲ್ಲಿಯೇ ನೀರಿದೆ. ಪೋರ್ಚುಗೀಸ್ ಭಾಷೆಯಲ್ಲಿ ಅಗ್ವಾದ ಎಂದರೆ ನೀರು ತುಂಬಿಕೊಳ್ಳುವ ತಾಣ. ಅಲ್ಲಿನ ಸಿಹಿನೀರಿನ ಚಿಲುಮೆಯಿಂದ ಹಡಗುಗಳು ಮುಂದಿನ ಯಾನಕ್ಕೆ ಕುಡಿಯುವ ನೀರನ್ನು ತುಂಬಿಕೊಳ್ಳುತ್ತಿದ್ದವು. ಎಂತಹ ಮಹಾಸಾಮ್ರಾಜ್ಯವಾದರೂ ಕೊನೆಗೆ ಒಂದು ಪೀಪಾಯಿ ಸಿಹಿನೀರಿಗಾಗಿ ದಡವನ್ನು ಹುಡುಕಲೇಬೇಕಾಗುತ್ತದೆ.

ಅಂಬಿಗನನ್ನು ಬೇಡುವ ಹಾಡು

ವೇದಿಕೆಯ ಮೇಲೆ ಕಾರ್ಯಕ್ರಮ ಆರಂಭವಾಯಿತು. ಧ್ವನಿವರ್ಧಕದ ಅಬ್ಬರ ಹಿರಿಯರ ಕಿವಿಗಳಿಗೆ ಸ್ವಲ್ಪ ಕಠಿಣವೇ ಆಗಿತ್ತೆನ್ನಬೇಕು. ಮಕ್ಕಳನ್ನು ಕರೆದು ಕುಣಿಸಿದರು. ದಂಪತಿಗಳನ್ನು ಕರೆದು ಕುಣಿಸಿದರು. ನಡುನಡುವೆ ಗೋವಾದ ಜಾನಪದ ನೃತ್ಯಗಳು. ಪೋರ್ಚುಗೀಸ್ ಶೈಲಿಯ ಜೋಡಿ ನೃತ್ಯವೊಂದು ಮುಗಿದ ಮೇಲೆ, ಸೀರೆಯುಟ್ಟು ಮುಡಿಗೆ ಹೂ ಮುಡಿದ ಯುವತಿಯರು ಹೆಜ್ಜೆಗಳನ್ನು ಮೆಲ್ಲನೆ ಇಡುತ್ತ ದೆಖ್ಣಿ ನೃತ್ಯಕ್ಕೆ ಬಂದರು.

ಹಾಡು ಆರಂಭವಾದೊಡನೆ ನಮ್ಮ ಅಜ್ಜಿ ನೆಟ್ಟಗೆ ಕುಳಿತರು. ಪಕ್ಕದಲ್ಲಿದ್ದ ರೈತರ ಪತ್ನಿ, "ಏನಂತಾರವ್ವ ಅವರು?" ಎಂದು ಕೇಳಿದರು. ಅಜ್ಜಿ ತಮಗೆ ಬರುವ ಕನ್ನಡದಲ್ಲಿ ಅರ್ಥ ಹೇಳತೊಡಗಿದರು. ಹುಡುಗಿಯರಿಗೆ ನದಿಯಾಚೆ ಒಂದು ಮದುವೆಗೆ ಹೋಗಬೇಕಾಗಿದೆ. ದಾರಿ ತಿಳಿಯದು. ದಾಟಿಸೆಂದು ಅಂಬಿಗನನ್ನು ಬೇಡಿಕೊಳ್ಳುತ್ತಾರೆ. ಅವನು ಒಲ್ಲೆನೆನ್ನುತ್ತಾನೆ. ಮೈಮೇಲಿನ ಒಡವೆಯನ್ನು ಕೊಡುತ್ತೇವೆಂದರೂ ಬೇಡವೆನ್ನುತ್ತಾನೆ.

"ಒಡವಿ ಕೊಟ್ರೂ ಒಲ್ಲೆ ಅಂದನಾ? ಹಂಗಾದ್ರ ಅವಂಗ ಬೇಕಾದ್ದರ ಏನು?" ಎಂದು ರೈತರು ಕೇಳಿದರು. ಅಜ್ಜಿ ಬಾಯಿ ತುಂಬ ನಕ್ಕರು. ಎರಡು ದಿನಗಳಲ್ಲಿ ನಾವು ಅವರು ಹಾಗೆ ನಕ್ಕದ್ದನ್ನು ಕಂಡಿರಲಿಲ್ಲ.

ಆ ಹಾಡು ಗೋವಾದ್ದು, ಅಜ್ಜಿಯ ಭಾಷೆ ಮಂಗಳೂರಿನದು. ಅಲ್ಲಿನ ಕೊಂಕಣಿಯನ್ನು ದೇವನಾಗರಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಬರೆಯುತ್ತಾರೆ. ನಮ್ಮ ಕರಾವಳಿಯ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಶತಮಾನಗಳ ಅಂತರದ ನಂತರವೂ ಹಾಡಿನ ಅರ್ಥ ಅಜ್ಜಿಗೆ ತಾನಾಗಿ ಆಯಿತು. ತಮ್ಮ ಹಿರಿಯರು ಯಾವ ಹಳ್ಳಿಯಿಂದ ಹೊರಟರು, ಯಾವ ವರ್ಷ ಹೊರಟರು ಎಂಬುದೊಂದೂ ಅವರಿಗೆ ತಿಳಿಯದು. "ಗೋವಾದಿಂದ ಬಂದವರು" ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರಂತೆ.

ಕರಾವಳಿಯ ಬಹುಪಾಲು ಕೊಂಕಣಿ ಕ್ರೈಸ್ತ ಮನೆತನಗಳ ಕಥೆಯೂ ಇಷ್ಟೇ. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಅಲೆ ಅಲೆಯಾಗಿ ಜನ ಗೋವಾವನ್ನು ಬಿಟ್ಟು ದಕ್ಷಿಣಕ್ಕೆ ಬಂದರು. 1560ರಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ಮಂಡಳಿಯ ಭಯ, ಕ್ಷಾಮ, ರೋಗರುಜಿನ, ತೆರಿಗೆಯ ಹೊರೆ, ಯುದ್ಧಗಳು, ಹೀಗೆ ಕಾರಣಗಳು ಹಲವು. ಅವರಿಗೆ ನೆಲೆ ಸಿಕ್ಕಿದ್ದು ಬಹುಮಟ್ಟಿಗೆ ಕೆಳದಿಯ ನಾಯಕರ ರಾಜ್ಯದಲ್ಲಿ. ಭತ್ತ ಬೆಳೆಯಬಲ್ಲ ಈ ಜನರಿಗೆ ಕನ್ನಡದ ಅರಸರು ಬೇಸಾಯಕ್ಕೆ ಭೂಮಿ ಕೊಟ್ಟರು. ಭೂಮಿ ಕೊಟ್ಟರೆಂದರೆ ನೀರನ್ನೂ ಕೊಟ್ಟರೆಂದೇ ಅರ್ಥ, ನೀರಿಲ್ಲದೆ ಗದ್ದೆಯಿಲ್ಲ. ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜರು 1681ರಲ್ಲಿ ಕೆನರಾಕ್ಕೆ ಬಂದು ಸೇವೆ ಮಾಡಿದ್ದು ಹೀಗೆ ಬಂದು ನೆಲೆಸಿದ ಜನರ ನಡುವೆಯೇ.

ಒಂದು ಹಾಸ್ಯದ ಮಾತು

ನೃತ್ಯ ಮುಗಿದ ಮೇಲೆ ನಿರೂಪಕನು ಪ್ರವಾಸಿಗರನ್ನು ರಾಜ್ಯವಾರು ಕೂಗಿ ಕರೆಯತೊಡಗಿದನು. ಗುಜರಾತಿನವರು ಕೂಗಿದರು, ಆಂಧ್ರದವರು ಕೂಗಿದರು. ಕರ್ನಾಟಕವೆಂದಾಗ ನಮ್ಮ ಮಕ್ಕಳು ಎದ್ದು ನಿಂತು ಕೈಬೀಸಿದರು. ಆಗ ಅವನು ನಗುತ್ತ, "ಕರ್ನಾಟಕದವರೇ, ನಮ್ಮ ನದಿಯನ್ನು ಕಣ್ತುಂಬ ನೋಡಿಕೊಳ್ಳಿ. ಹೋಗುವಾಗ ಜೊತೆಯಲ್ಲಿ ಮಾತ್ರ ಕೊಂಡೊಯ್ಯಬೇಡಿ" ಎಂದನು. ದೋಣಿಯಲ್ಲಿದ್ದ ಕೆಲವರು ಗೊಳ್ಳೆಂದು ನಕ್ಕರು. ನಮ್ಮಲ್ಲಿಯೂ ಕೆಲವರು ನಕ್ಕರು. ರೈತರು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ದೋಣಿಯ ಅಂಚಿನ ಕಂಬಿಯನ್ನು ಹಿಡಿದು ನಿಂತರು.

ಆ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ನಗುವ ಮೊದಲು ಅದರ ಹಿಂದಿನ ಸಂಗತಿಯನ್ನು ತಿಳಿಯುವುದು ಒಳಿತು. ಗೋವಾದವರು ಮಾಂಡೋವಿ ಎಂದು ಕರೆಯುವ ಈ ನದಿ ನಮ್ಮ ಮಹದಾಯಿಯೇ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡ ಅರಣ್ಯದಲ್ಲಿ ಹುಟ್ಟಿ, ಘಟ್ಟವನ್ನಿಳಿದು, ಒಟ್ಟು ಸುಮಾರು ಎಂಬತ್ತು ಕಿಲೋಮೀಟರ್ ಹರಿದು ಪಣಜಿಯ ಬಳಿ ಕಡಲನ್ನು ಸೇರುತ್ತದೆ. ಅದೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆಯೂ ಹುಟ್ಟುತ್ತದೆ. ಒಂದೇ ಮಳೆ, ಒಂದೇ ಗುಡ್ಡಸಾಲು. ಒಬ್ಬಳು ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರಕ್ಕೆ, ಇನ್ನೊಬ್ಬಳು ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ. ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಊರುಗಳಿಗೆ ಮದುವೆಯಾಗಿ ಹೋದ ಅಕ್ಕತಂಗಿಯರಂತೆ.

ಮಹದಾಯಿಯ ಉಪನದಿಗಳಾದ ಕಳಸಾ ಮತ್ತು ಬಂಡೂರಿ ನಾಲೆಗಳಿಂದ ಸ್ವಲ್ಪ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಉತ್ತರ ಕರ್ನಾಟಕದ ದಶಕಗಳ ಬೇಡಿಕೆ. ಗೋವಾ ಇದಕ್ಕೆ ಒಪ್ಪಲಿಲ್ಲ. 2010ರಲ್ಲಿ ನ್ಯಾಯಾಧಿಕರಣ ರಚನೆಯಾಯಿತು. 2015ರ ಜುಲೈನಲ್ಲಿ ನರಗುಂದದಲ್ಲಿ ಆರಂಭವಾದ ರೈತರ ಧರಣಿ ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟ್ 14ರಂದು ಬಂದ ತೀರ್ಪು ಗೋವಾಕ್ಕೆ 24 ಟಿ.ಎಂ.ಸಿ., ಕರ್ನಾಟಕಕ್ಕೆ 13.42 ಟಿ.ಎಂ.ಸಿ., ಮಹಾರಾಷ್ಟ್ರಕ್ಕೆ 1.33 ಟಿ.ಎಂ.ಸಿ. ನೀರನ್ನು ಹಂಚಿತು. ಒಂದು ಟಿ.ಎಂ.ಸಿ. ಎಂದರೆ ಸುಮಾರು 2,830 ಕೋಟಿ ಲೀಟರ್. ಕರ್ನಾಟಕದ ಪಾಲಿನ ಹೆಚ್ಚಿನ ಭಾಗ ವಿದ್ಯುತ್ ಉತ್ಪಾದನೆಗೆಂದೇ ಇದ್ದು, ಮಲಪ್ರಭೆಗೆ ತಿರುಗಿಸಲು ದೊರೆತದ್ದು 3.9 ಟಿ.ಎಂ.ಸಿ. ಮಾತ್ರ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ತೀರ್ಪನ್ನು ಅಧಿಸೂಚಿಸಿತಾದರೂ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದೆ.

ಹುಬ್ಬಳ್ಳಿಯ ನಮ್ಮೆಲ್ಲರ ಮನೆಗಳಿಗೆ ಬರುವುದು ಮುಖ್ಯವಾಗಿ ಮಲಪ್ರಭೆಯ ನೀರು. ಬೇಸಿಗೆಯಲ್ಲಿ ಎಂಟು ಹತ್ತು ದಿನಗಳಿಗೊಮ್ಮೆ ನಲ್ಲಿಗೆ ನೀರು ಬರುವ ಬಡಾವಣೆಗಳಲ್ಲಿ ನಾವು ವರ್ಷಗಳನ್ನು ಕಳೆದಿದ್ದೇವೆ. ಬಸ್ಸಿನ ಮುಂಭಾಗದಲ್ಲಿ ಕುಳಿತು ಮಾಂಡೋವಿಯನ್ನು "ನಮ್ಮ ಹಿರಿಯರ ನದಿ" ಎಂದು ಕೊಂಡಾಡುತ್ತ ಬಂದವರ ಮನೆಯ ಕೊಡಗಳೂ ಹಿಂಭಾಗದವರ ಕೊಡಗಳಂತೆಯೇ ಅದೇ ಮಲಪ್ರಭೆಗಾಗಿ ಕಾದಿವೆ. ಇದನ್ನು ನಾವು ಆ ಸಂಜೆಯವರೆಗೆ ಯೋಚಿಸಿರಲಿಲ್ಲ.

ಉಪ್ಪಿನ ಮಾತು

ದೋಣಿ ಮೀರಾಮಾರಿನ ಕಡೆಯಿಂದ ತಿರುಗಿ ಜೆಟ್ಟಿಯತ್ತ ಮುಖ ಮಾಡಿತ್ತು. ಸೂರ್ಯ ಮುಳುಗಿಯಾಗಿತ್ತು. ಕಂಬಿಯ ಬಳಿ ನಿಂತಿದ್ದ ರೈತರ ಹತ್ತಿರ ದೋಣಿಯ ಕೆಲಸದ ಹುಡುಗನೊಬ್ಬ ಹಗ್ಗವನ್ನು ಸುತ್ತುತ್ತಿದ್ದನು. ರೈತರು ಅವನನ್ನು, "ತಮ್ಮಾ, ಈ ನೀರು ಸಿಹಿ ಐತೋ, ಉಪ್ಪೋ?" ಎಂದು ಕೇಳಿದರು. ಅವನಿಗೆ ತಿಳಿಯಲಿಲ್ಲ. ಅಜ್ಜಿ ತಾವೇ ಎದ್ದು ಬಂದು ಪ್ರಶ್ನೆಯನ್ನು ಕೊಂಕಣಿಯಲ್ಲಿ ಕೇಳಿದರು. ನಾವೂ ಅಲ್ಲಿಯೇ ನಿಂತೆವು.

ಇಲ್ಲಿ ಉಪ್ಪು ಎಂದು ಅವನು ಹೇಳಿದನು. ಮಳೆಗಾಲದಲ್ಲಿ ಘಟ್ಟದ ಮೇಲಿಂದ ನೀರು ಧುಮುಕಿದಾಗ ಸಿಹಿನೀರು ಉಪ್ಪನ್ನು ಕಡಲಿಗೆ ತಳ್ಳುತ್ತದೆ. ಮಳೆ ನಿಂತು ಬೇಸಿಗೆ ಬರುತ್ತಲೇ, ಮೇಲಿನ ನೀರು ಕಡಿಮೆಯಾದಂತೆ, ಭರತದೊಂದಿಗೆ ಉಪ್ಪು ಒಳನಾಡಿನ ಕಡೆಗೆ ಏರುತ್ತ ಹೋಗುತ್ತದೆ. ತನ್ನ ಮನೆಯಿರುವುದು ಹಳೆ ಗೋವಾದ ಎದುರಿನ ದಿವಾಡಿ ದ್ವೀಪದಲ್ಲಿ. ಅಲ್ಲಿ ತಗ್ಗಿನ ಗದ್ದೆಗಳನ್ನು ನದಿಯ ಉಪ್ಪುನೀರಿನಿಂದ ಕಾಯಲು ಮಣ್ಣಿನ ದಂಡೆಯನ್ನು ಕಟ್ಟಿ, ಮರದ ತೂಬುಗಳನ್ನು ಇಟ್ಟಿರುತ್ತಾರೆ. ಖಾಜನ್ ಎಂದು ಆ ಗದ್ದೆಗಳಿಗೆ ಹೆಸರು. ಒಂದು ವರ್ಷ ದಂಡೆ ಒಡೆದು ನೀರು ನುಗ್ಗಿ, ತಾಯಿಯ ಪಾಲಿನ ಗದ್ದೆ ಉಪ್ಪು ಹತ್ತಿಹೋಯಿತು. ಆಮೇಲೆ ಅದರಲ್ಲಿ ಭತ್ತ ಸರಿಯಾಗಿ ಬಂದಿಲ್ಲ. ಮೇಲಿನಿಂದ ಬರುವ ಸಿಹಿನೀರು ಇನ್ನೂ ಕಡಿಮೆಯಾದರೆ ತಮ್ಮ ಗತಿಯೇನು ಎಂಬುದು ಊರವರ ಅಂಜಿಕೆ.

ಅಜ್ಜಿ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದರು. ಆದರೆ ಉಪ್ಪು ಹತ್ತಿದ ಹೊಲವೆಂದಾಗ ರೈತರಿಗೆ ಅನುವಾದದ ಅಗತ್ಯವೇ ಬೀಳಲಿಲ್ಲ. "ನಮ್ಮದೂ ಅದ ಗೋಳು" ಎಂದರು. ಮಲಪ್ರಭಾ ಕಾಲುವೆ ಬಂದ ಹೊಸದರಲ್ಲಿ, ಕಾಲುವೆಯ ಸಮೀಪದ ಎರೆಹೊಲಗಳಿಗೆ ಲೆಕ್ಕವಿಲ್ಲದೆ ನೀರು ಹಾಯಿಸಿದ್ದರಿಂದ ಅವೆಷ್ಟೋ ಹೊಲಗಳು ಜವುಳು ಹಿಡಿದು ಬಿಳಿ ಉಪ್ಪು ಮೇಲೆದ್ದವು. ಅವರ ಅಣ್ಣನ ಎರಡೆಕರೆ ಹಾಗೆಯೇ ಹಾಳಾಯಿತು. ಇವರ ಹೊಲವಿರುವುದು ಕಾಲುವೆಯ ಕೊನೆಯಲ್ಲಿ. ಅಲ್ಲಿಗೆ ನೀರು ತಲುಪುವುದೇ ಅಪರೂಪ. "ಅಣ್ಣಗ ನೀರು ಹೆಚ್ಚಾಗಿ ಹೊಲ ಹೋತು. ನನಗ ನೀರಿಲ್ಲದ ಬೆಳಿ ಹೋಗತೈತಿ. ನಿನಗ ಸಿಹಿನೀರು ಕಡಿಮಿಯಾದ್ರ ಗದ್ದಿ ಹೋಗತೈತಿ. ತಮ್ಮಾ, ನಿನ್ನ ನೀರು ಕಸಿಯಾಕ ನಾವು ಬಂದಿಲ್ಲ. ಬ್ಯಾಸಗ್ಯಾಗ ನಮ್ಮ ಮೊಮ್ಮಕ್ಕಳಿಗೆ ಕುಡಿಯಾಕಷ್ಟ ಬೇಕಾಗೇತಿ."

ಅಜ್ಜಿ ಇದನ್ನು ಕೊಂಕಣಿಯಲ್ಲಿ ಹೇಳಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗ ಹಗ್ಗವನ್ನು ಕೆಳಗಿಟ್ಟು ಕೇಳಿದನು. ಬಳಿಕ, ಕುಡಿಯುವುದಕ್ಕಾದರೆ ಯಾರು ಬೇಡವೆಂದಾರು, ಆದರೆ ಕುಡಿಯಲು ಎಂದು ಹೇಳಿ ತೆಗೆದ ನೀರು ಕಬ್ಬಿನ ಹೊಲಕ್ಕೆ ಹೋದರೆ ತಡೆಯುವವರು ಯಾರು ಎಂದು ಕೇಳಿದನು. ಅದು ನ್ಯಾಯವಾದ ಪ್ರಶ್ನೆ. ರೈತರು ಕೂಡಲೇ ಉತ್ತರಿಸಲಿಲ್ಲ. "ಅದೂ ಖರೇನ" ಎಂದಷ್ಟೇ ಹೇಳಿ ನೀರನ್ನು ನೋಡುತ್ತ ನಿಂತರು.

ಪಣಜಿಯ ಜನರು ಕುಡಿಯುವ ನೀರು ಬರುವುದು ಮಾಂಡೋವಿಯ ಉಪನದಿಯಾದ ಖಾಂಡೇಪಾರ್ ಹೊಳೆಯ ದಡದ ಓಪಾ ಎಂಬಲ್ಲಿಂದ. ಹುಬ್ಬಳ್ಳಿಗೆ ಬರುವುದು ಮಲಪ್ರಭೆಯ ನವಿಲುತೀರ್ಥ ಜಲಾಶಯದಿಂದ. ಎರಡೂ ಕಡೆಯ ತಾಯಂದಿರು ಬೆಳಿಗ್ಗೆ ಎದ್ದು ತಿರುಗಿಸುವ ನಲ್ಲಿಗಳು ಕೊನೆಗೆ ಒಂದೇ ಗುಡ್ಡಸಾಲಿನ ಮಳೆಯನ್ನು ನಂಬಿವೆ. ಆ ಕಾಡು ಉಳಿದರೆ ಇಬ್ಬರಿಗೂ ನೀರು. ಅಳಿದರೆ ಯಾವ ತೀರ್ಪೂ ಯಾರ ಕೊಡವನ್ನೂ ತುಂಬಲಾರದು.

ಮರಳಿ ಜೆಟ್ಟಿಗೆ

ಒಂದು ಗಂಟೆ ಮುಗಿದದ್ದೇ ತಿಳಿಯಲಿಲ್ಲ. ಸೇತುವೆಯ ದೀಪಗಳು ನೀರಿನಲ್ಲಿ ಉದ್ದುದ್ದ ಗೆರೆಗಳಾಗಿ ಅಲುಗುತ್ತಿದ್ದವು. ಇಳಿಯುವಾಗ ಅಜ್ಜಿಗೆ ಹಲಗೆಯ ಮೇಲೆ ಕಾಲಿಡಲು ಭಯವಾಯಿತು. ಒಂದು ಕೈಯನ್ನು ಆ ಹುಡುಗನೂ ಇನ್ನೊಂದು ಕೈಯನ್ನು ರೈತರ ಪತ್ನಿಯೂ ಹಿಡಿದು ಇಳಿಸಿದರು. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು "ದೇವ್ ಬರೆಂ ಕರುಂ" ಎಂದರು. ದೇವರು ಒಳಿತು ಮಾಡಲಿ ಎಂಬ ಈ ಮಾತಿನಲ್ಲಿಯೇ ಕೊಂಕಣಿಗರು ತಮ್ಮ ಕೃತಜ್ಞತೆಯನ್ನು ಹೇಳುವುದು. ಹಿಂದೆ ಬರುತ್ತಿದ್ದ ರೈತರೂ ಅದನ್ನು ಕೇಳಿಸಿಕೊಂಡು, ತಪ್ಪುತಪ್ಪಾಗಿಯಾದರೂ ಅದೇ ಮಾತನ್ನು ಹೇಳಿದರು. ಹುಡುಗ ಕೈ ಮುಗಿದನು.

ಈ ಒಂದು ಸಂಭಾಷಣೆಯಿಂದ ಮಹದಾಯಿಯ ವ್ಯಾಜ್ಯ ಬಗೆಹರಿಯಿತೆಂದು ಹೇಳುವಷ್ಟು ನಾವು ಮುಗ್ಧರಲ್ಲ. ನೀರಿನ ಲೆಕ್ಕವನ್ನು ತಜ್ಞರೂ ನ್ಯಾಯಾಧೀಶರೂ ಮಾಡಲೇಬೇಕು. ನವಲಗುಂದದ ಬಾಯಾರಿಕೆಯೂ ಸುಳ್ಳಲ್ಲ, ದಿವಾಡಿಯ ಉಪ್ಪೂ ಸುಳ್ಳಲ್ಲ. ಆದರೆ ಎದುರಾಳಿಯೆಂದು ಪತ್ರಿಕೆಗಳಲ್ಲಿ ಓದಿಕೊಂಡು ಬಂದವನ ತಾಯಿಗೂ ಒಂದು ಗದ್ದೆಯಿದೆ ಎಂದು ತಿಳಿದ ಮೇಲೆ, ಅವನ ಬಗ್ಗೆ ಮಾತನಾಡುವ ದನಿಯಾದರೂ ತಗ್ಗುತ್ತದೆ. ನಮಗೆ ಆ ಸಂಜೆ ದೊರೆತದ್ದು ಅಷ್ಟು. ಅದನ್ನು ಅಲ್ಪವೆಂದು ನಾವು ಭಾವಿಸುವುದಿಲ್ಲ.

ಇನ್ನೊಂದು ಸಂಗತಿ ನಮ್ಮನ್ನೇ ಚುಚ್ಚಿತು. ಗೋವಾದ ಹುಡುಗನ ಕಷ್ಟವನ್ನು ತಿಳಿಯಲು ನಾವು ಗೋವಾಕ್ಕೆ ಹೋಗಬೇಕಾಯಿತು ಸರಿ. ಆದರೆ ನಮ್ಮದೇ ಬಸ್ಸಿನ ಕೊನೆಯ ಆಸನದಲ್ಲಿ ಕುಳಿತ ರೈತರ ಹೊಲಕ್ಕೆ ನೀರು ತಲುಪುವುದಿಲ್ಲವೆಂಬುದನ್ನು ತಿಳಿಯಲೂ ನಾವು ಗೋವಾಕ್ಕೇ ಹೋಗಬೇಕಾಯಿತಲ್ಲ! ಹಬ್ಬದ ದಿನಗಳಲ್ಲಿ ಅವರು ನಮ್ಮ ಚರ್ಚಿಗೆ ಬರುತ್ತಾರಂತೆ. ನಾವು ಅವರ ಹೆಸರನ್ನೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಹಿಂದಿರುಗಲು ಬಸ್ಸೇರುವಾಗ ಅಜ್ಜಿ ಮುಂದಿನ ಆಸನದಲ್ಲಿದ್ದ ತಮ್ಮ ಚೀಲವನ್ನು ಎತ್ತಿಕೊಂಡು ಹಿಂದಕ್ಕೆ ನಡೆದರು. ಮಗ ತಡೆದು, ಹಿಂದೆ ಬಸ್ಸು ಹೆಚ್ಚು ಕುಲುಕುತ್ತದೆಂದು ಹೇಳಿದನು. "ಕುಲುಕಲಿ ಬಿಡು" ಎಂದು ಅಜ್ಜಿ ರೈತ ದಂಪತಿಗಳ ಪಕ್ಕದಲ್ಲಿ ಕುಳಿತರು. ರೈತರ ಪತ್ನಿ ತಮ್ಮ ಬುತ್ತಿಯ ಗಂಟಿನಿಂದ ಶೇಂಗಾ ಹೋಳಿಗೆಯನ್ನು ತೆಗೆದು ಅವರ ಕೈಗಿತ್ತರು. ಅನಮೋಡ ಘಾಟಿಯನ್ನು ಏರುವಾಗ ರೈತರು ಕಿಟಕಿಯಿಂದ ದಟ್ಟ ಕಾಡನ್ನು ತೋರಿಸಿ, ನೀರೆಲ್ಲ ಹುಟ್ಟುವುದು ಇಂತಹ ಕಾಡಿನಲ್ಲಿಯೇ ಎಂದು ಅಜ್ಜಿಗೆ ಹೇಳುತ್ತಿದ್ದರು. ಅಜ್ಜಿ ಕನ್ನಡಕವನ್ನು ಸರಿಪಡಿಸಿಕೊಂಡು, ಕಾಡು ಮುಗಿಯುವವರೆಗೂ ಹೊರಗೆ ನೋಡುತ್ತಲೇ ಇದ್ದರು.